ಬಿಗಿದವನ ಹೊಣೆ

ಬೈಲಹೊಂಗಲದ ನಮ್ಮ ಮನೆಯ ಬಚ್ಚಲಲ್ಲಿ ನಳದ ವಾಶರ್ ಸವೆದು ನೀರು ತೊಟ್ಟಿಕ್ಕುತ್ತಿತ್ತು. ಅದನ್ನು ಬದಲಿಸಲು ಹಿಡಿಕೆ ಕಳಚಬೇಕು. ಹಿಡಿಕೆಯನ್ನು ಹಿಡಿದಿದ್ದ ಒಂದೇ ಒಂದು ಸ್ಕ್ರೂ ಜಪ್ಪಯ್ಯ ಎಂದರೂ ಕದಲಲಿಲ್ಲ. ಕೆಲಸಕ್ಕೆ ಬಂದವನು ನಾಲ್ಕು ಸಲ ಜೋರು ಹಾಕಿ, ಸ್ಕ್ರೂವಿನ ತಲೆ ಸವೆಸಿ, "ನಳಾನ ಬದಲಿ ಮಾಡ್ರಿ" ಎಂದು ಹೊರಟ. ಕೆಲವೇ ರೂಪಾಯಿಯ ವಾಶರ್‌ಗಾಗಿ ಗಟ್ಟಿಮುಟ್ಟಾದ ಹಿತ್ತಾಳೆಯ ನಳವನ್ನು ಗುಜರಿಗೆ ಹಾಕಬೇಕೆ? ಬಿಚ್ಚಲು ಬಾರದಂತಾದ ವಸ್ತುವಿಗೆ ಹೊಣೆ ಯಾರು: ಬಿಚ್ಚಲು ಹೋದವನೋ, ಮೊದಲು ಬಿಗಿದವನೋ?

ಸ್ಕ್ರೂವನ್ನು ಹಿಡಿದು ಕೂತದ್ದು ನೀರು. ಸವದತ್ತಿ, ರಾಮದುರ್ಗದ ಕಡೆ ಬೋರಿನ ಸವಳು ನೀರು ಕಾಯಿಸುವ ಮನೆಗಳಲ್ಲಿ ಹಂಡೆಯೊಳಗೆ ಬಿಳಿ ಪದರ ಕಟ್ಟುತ್ತದೆ. ಅದೇ ಸುಣ್ಣ ಸ್ಕ್ರೂವಿನ ಎಳೆಗಳ ಸಂದಿಗೂ ಇಳಿಯುತ್ತದೆ. ಜೊತೆಗೆ ಜಂಗು. ಕಬ್ಬಿಣ ಜಂಗು ಹಿಡಿದಾಗ ಮೊದಲಿನ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಸಂದಿಯಲ್ಲಿ ಆ ಜಾಗವಿಲ್ಲ, ಹಾಗಾಗಿ ಬೆಣೆ ಬಡಿದಂತೆ ಕಚ್ಚಿಕೊಳ್ಳುತ್ತದೆ. ಹಿತ್ತಾಳೆಯ ನಳಕ್ಕೆ ಕಬ್ಬಿಣದ ಸ್ಕ್ರೂ ಹಾಕಿದ್ದರಂತೂ ಕೇಳುವುದೇ ಬೇಡ. ತೇವದಲ್ಲಿ ಈ ಎರಡು ಲೋಹ ಒಂದಕ್ಕೊಂದು ತಾಗಿದರೆ ಕಬ್ಬಿಣ ಬೇಗ ತಿಂದುಹೋಗುತ್ತದೆ.

ಜೋರು ಇಲ್ಲಿ ಕೆಲಸಕ್ಕೆ ಬಾರದು. ಅಮೆರಿಕದ ಹೆನ್ರಿ ಫಿಲಿಪ್ಸ್ 1936ರಲ್ಲಿ ಪೇಟೆಂಟ್ ಪಡೆದ 'ಪ್ಲಸ್' ತಲೆಯ ಗುಳಿ ಇಳಿಜಾರಾಗಿರುತ್ತದೆ. ಹೆಚ್ಚು ತಿರುವಿದಷ್ಟೂ ಸ್ಕ್ರೂಡ್ರೈವರ್ ಮೇಲಕ್ಕೆ ಜಾರಿ ಗುಳಿಯನ್ನೇ ಕೆಡಿಸುತ್ತದೆ. ಓಣಿಯ ಹಿರಿಯ ಮೇಸ್ತ್ರಿಯೊಬ್ಬರು ಬಂದು ನೋಡಿ, "ಇದಕ್ಕ ಜೋರ ಮಾಡಬ್ಯಾಡ್ರಿ, ರಾತ್ರಿ ಎಣ್ಣಿ ಕುಡಿಸಿ ಬಿಡ್ರಿ" ಎಂದರು. ಮೊದಲು ಹುಣಸೆಹುಳಿ ಮೆತ್ತಿದೆವು. ತಾಮ್ರದ ಹಂಡೆ ತಿಕ್ಕುವ ಹೆಣ್ಣುಮಕ್ಕಳಿಗೆ ಗೊತ್ತಿರುವ ವಿದ್ಯೆಯೇ ಅದು, ಹುಳಿಗೆ ಸುಣ್ಣ ಕರಗುತ್ತದೆ. ತೊಳೆದು ಒರೆಸಿ, ರಾತ್ರಿಗೆ ಒಂದೆರಡು ಹನಿ ಚಿಮಣಿ ಎಣ್ಣೆ. ಬೆಳಗ್ಗೆ ಸುತ್ತಲಿನ ಹಿತ್ತಾಳೆಗೆ ಕುದಿನೀರು ಸುರಿದರು. ಬಿಸಿಗೆ ಹಿತ್ತಾಳೆ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುವುದರಿಂದ ರಂಧ್ರ ತುಸು ಸಡಿಲವಾಗುತ್ತದೆ. ತಲೆಯ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ನಾಲ್ಕು ಏಟು. ಸವೆದ ಗುಳಿಗೆ ರಬ್ಬರ್ ತುಂಡು ಇಟ್ಟು, ಬಲವಾಗಿ ಒತ್ತಿ, ಮೊದಲು ಬಿಗಿಯುವ ಕಡೆಗೇ ಕೂದಲೆಳೆಯಷ್ಟು ತಿರುವಿ, ಆಮೇಲೆ ಹಿಂದಕ್ಕೆ ತಿರುಗಿಸಿದರು. ಕಿರ್ ಎಂದು ಸ್ಕ್ರೂ ಬಿಟ್ಟುಕೊಟ್ಟಿತು.

ಹೊಸದು ತಂದರಾಯಿತಲ್ಲ ಎನ್ನುವವರಿದ್ದಾರೆ. ಸಡಿಲ ಬಿಟ್ಟರೆ ಕಳಚಿ ಬೀಳುತ್ತದೆ, ಬಿಗಿಯೇ ಕ್ಷೇಮ ಎನ್ನುವವರೂ ಇದ್ದಾರೆ. ಮೊದಲನೆಯದು ದುಡ್ಡಿದ್ದವರ ಮಾತು. ದಿನಗೂಲಿಯ ಮನೆಯಲ್ಲಿ ಹೊಸ ನಳವೆಂದರೆ ಒಂದು ದಿನದ ದುಡಿಮೆ. ಎರಡನೆಯದಕ್ಕೆ ಉತ್ತರ ನಮ್ಮ ಬಂಡಿಯಲ್ಲೇ ಇದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೊರಡುವ ಬಂಡಿಯ ಕಡಾಣಿ, ದಾರಿಯುದ್ದಕ್ಕೂ ಗಾಲಿಯನ್ನು ಜಾರಲು ಬಿಡದು. ಆದರೂ ಅಚ್ಚಿಗೆ ಕೀಲೆಣ್ಣೆ ಹಾಕಬೇಕಾದಾಗ ರೈತ ಅದನ್ನು ಕೈಯಿಂದಲೇ ತೆಗೆಯುತ್ತಾನೆ. ಗಟ್ಟಿಯಾಗಿರುವುದಕ್ಕೂ ಬಿಚ್ಚಲು ಬರುವುದಕ್ಕೂ ವೈರವಿಲ್ಲ. ಕಿತ್ತೂರು ಸೀಮೆಯ ಹಳೆಯ ವಾಡೆಗಳ ಬಾಗಿಲು ತೊಲೆಗಳನ್ನೂ ಬಡಿಗೇರರು ಗೂಟ, ಬೆಣೆಗಳಿಂದ ಕೂಡಿಸಿದರು; ವಾಡೆ ಬಿದ್ದ ಮೇಲೂ ಅಂಥ ತೊಲೆ ಇನ್ನೊಂದು ಮನೆಗೆ ಒದಗುತ್ತದೆ. ಬಿಗಿಯುವಾಗಲೇ ಮುಂದೆ ಬಿಚ್ಚುವವನನ್ನು ನೆನೆದ ಕೆಲಸ ಅದು. ನಮ್ಮ ನಳ ಕೂರಿಸಿದವನು ಅವನನ್ನು ನೆನೆಯಲಿಲ್ಲ. ಆದ್ದರಿಂದ ಹೊಣೆ ಬಿಗಿದವನದೇ ಎಂಬುದು ನನ್ನ ತೀರ್ಮಾನ. ಅಗ್ಗದ ಸ್ಕ್ರೂ ಸಾಕು ಎಂದು ಸುಮ್ಮನಿದ್ದ ನಮ್ಮ ಪಾಲೂ ಅದರಲ್ಲಿದೆ.

ಮುಂದಿನ ಸಲ ನಿಮ್ಮ ಮನೆಗೆ ನಳ ಕೂರಿಸಲು ಬಂದವರಿಗೆ ಹಿತ್ತಾಳೆಯ ಸ್ಕ್ರೂ ಹಾಕಿ, ಎಳೆಗೆ ಚೂರು ಗ್ರೀಸ್ ಸವರಿ ಎಂದು ಹೇಳಿ. ಹೆಚ್ಚಿನ ಖರ್ಚನ್ನು ನೀವೇ ಕೊಡಿ.