ಘಟ್ಟವನ್ನಿಳಿಯುವ ಮೋಟಾರು

ಮೋಟಾರು ಗಾಡಿಯನ್ನಿಟ್ಟುಕೊಂಡಿರುವ ಗೃಹಸ್ಥರಲ್ಲಿ ಒಂದು ಹಳೆಯ ನಂಬಿಕೆಯುಂಟು. ಆಗುಂಬೆಯಂತಹ ಘಟ್ಟವನ್ನಿಳಿಯುವಾಗ ಗೇರನ್ನು ನ್ಯೂಟ್ರಲಿಗೆ ತಂದು, ಧೈರ್ಯವಿದ್ದರೆ ಎಂಜಿನ್ನನ್ನೂ ನಿಲ್ಲಿಸಿ, ಗಾಡಿಯನ್ನು ತನ್ನ ಭಾರದಿಂದಲೇ ಉರುಳಗೊಟ್ಟರೆ ಪೆಟ್ರೋಲು ಉಳಿಯುವುದೆಂದು ಅವರ ಎಣಿಕೆ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೀಗೆ ಇಳಿಯುವವರನ್ನು ನಾವು ಕಂಡಿದ್ದೇವೆ. ಇದರ ಅಪಾಯವನ್ನು ತಿಳಿಯಬೇಕಾದರೆ ಎಂಜಿನ್ನಿನ ಒಳಗೆ ನಡೆಯುವುದೇನೆಂಬುದನ್ನು ಸ್ವಲ್ಪ ಅರಿತಿರಬೇಕು.

ಸಿಲಿಂಡರೆಂಬ ಕೊಳವೆಯೊಳಗೆ ಪಿಸ್ಟನ್ನು ಮೇಲಕ್ಕೂ ಕೆಳಕ್ಕೂ ಆಡುತ್ತಿರುವುದು. ಜರ್ಮನಿಯ ನಿಕೊಲಾಸ್ ಆಟೋ ಎಂಬವನು ೧೮೭೬ರಲ್ಲಿ ನಡೆಯಿಸಿ ತೋರಿಸಿದ ಕ್ರಮವೇ ಪೆಟ್ರೋಲು ಗಾಡಿಗಳಲ್ಲಿ ಇಂದಿಗೂ ಆಧಾರವಾಗಿದೆ. ಮೊದಲನೆಯ ಇಳಿತದಲ್ಲಿ ಗಾಳಿ ಪೆಟ್ರೋಲುಗಳನ್ನು ಒಳಗೆಳೆದುಕೊಳ್ಳುವುದು. ಏರುವಾಗ ಅವನ್ನು ಅದುಮುವುದು. ಕಿಡಿ ತಗಲಿ ಉರಿದ ಅನಿಲದ ಒತ್ತಡಕ್ಕೆ ಮತ್ತೆ ಇಳಿಯುವುದು. ಕೊನೆಯ ಏರಿಕೆಯಲ್ಲಿ ಹೊಗೆಯನ್ನು ಹೊರದೂಡುವುದು. ಈ ನಾಲ್ಕರಲ್ಲಿ ದುಡಿಯತಕ್ಕದ್ದು ಮೂರನೆಯದೊಂದೇ. ಉಳಿದ ಮೂರೂ ಅದರ ಗಳಿಕೆಯನ್ನು ತಿನ್ನತಕ್ಕವು. ನಾಲ್ವರಲ್ಲಿ ಒಬ್ಬನೇ ಸಂಪಾದಿಸುವ ಸಂಸಾರವು ನಮ್ಮ ವಾಚಕರಿಗೆ ಅಪರಿಚಿತವೇನಲ್ಲ.

ಗಾಡಿಯು ಗೇರಿನಲ್ಲಿರುವಾಗಲೇ ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲನ್ನು ತೆಗೆದರೆ ಈ ದುಡಿಯುವವನು ಸುಮ್ಮನಾಗುವನು. ಆಗ ಇಡೀ ಸಂಸಾರವನ್ನು ಚಕ್ರಗಳೇ ಸಾಕಬೇಕು. ಗಾಳಿಯ ದಾರಿಯು ಬಹುಮಟ್ಟಿಗೆ ಮುಚ್ಚಿರುವುದರಿಂದ ಪಿಸ್ಟನ್ನು ಪ್ರತಿಯೊಂದು ಎಳೆತಕ್ಕೂ ಹೆಣಗುವುದು. ಆ ಹೆಣಗಾಟವೇ ಗಾಡಿಯನ್ನು ಹಿಂದಕ್ಕೆ ಹಿಡಿಯುವುದು. ಗೇರನ್ನು ಇಳಿಸಿದಷ್ಟೂ ಚಕ್ರದ ಒಂದೊಂದು ಸುತ್ತಿಗೆ ಎಂಜಿನ್ನು ಹೆಚ್ಚು ಸುತ್ತು ತಿರುಗಬೇಕಾಗಿ ಹಿಡಿತವು ಬಲವಾಗುವುದು. ಪೆಟ್ರೋಲನ್ನು ಚಿಮ್ಮಿಸುವ ಈಗಿನ ಗಾಡಿಗಳಲ್ಲಿ ಇಂತಹ ಇಳಿತದಲ್ಲಿ ಪೆಟ್ರೋಲು ಸಾಮಾನ್ಯವಾಗಿ ಪೂರ್ತಿಯಾಗಿ ನಿಂತೇ ಹೋಗುವುದು. ನ್ಯೂಟ್ರಲಿನಲ್ಲಾದರೋ ಎಂಜಿನ್ನು ಆರದಿರುವುದಕ್ಕೆ ಅದನ್ನು ಉರಿಸುತ್ತಲೇ ಇರಬೇಕು! ಉಳಿತಾಯದ ಲೆಕ್ಕವೇ ತಲೆಕೆಳಗು.

ಇನ್ನು ಬ್ರೇಕಿನ ಮಾತು. ಜನ ಸಾಮಾನು ಸೇರಿ ೧೨೦೦ ಕಿಲೋಗ್ರಾಂ ತೂಗುವ ಗಾಡಿಯು ೫೦೦ ಮೀಟರ್ ಎತ್ತರದಿಂದ ಒಂದೇ ವೇಗದಲ್ಲಿ ಇಳಿಯುವುದೆಂದು ಇಟ್ಟುಕೊಳ್ಳೋಣ. ಅದರಿಂದ ಬಿಡುಗಡೆಯಾಗುವ ಶಕ್ತಿಯು ಸುಮಾರು ೨೦ ಲೀಟರ್ ತಣ್ಣೀರನ್ನು ಕುದಿಗೆ ತರಲು ಸಾಕು. ನ್ಯೂಟ್ರಲಿನಲ್ಲಿ ಇಳಿಯುವವನು ಈ ಶಾಖದಲ್ಲಿ ಹೆಚ್ಚು ಪಾಲನ್ನು ಬ್ರೇಕುಗಳ ಮೇಲೆ ಹೇರುವನು. ಅವು ಅತಿಯಾಗಿ ಕಾದರೆ ಉಜ್ಜುವ ಪಟ್ಟಿಗಳು ಹಿಡಿತವನ್ನು ಕಳೆದುಕೊಳ್ಳುವುವು. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ಡಾಟ್-೩ ಎಂಬ ವರ್ಗದ್ದು ಹೊಸದಿರುವಾಗ ೨೦೫ ಡಿಗ್ರಿ ಸೆಲ್ಸಿಯಸಿನವರೆಗೆ ಕುದಿಯಬಾರದೆಂದು ನಿಯಮ. ತೇವ ಕುಡಿದ ಮೇಲೆ ಆ ಮಿತಿಯು ೧೪೦ಕ್ಕೆ ಇಳಿಯುವುದು. ಕುದಿದ ಆಯಿಲಿನ ಆವಿಯು ಒತ್ತಡಕ್ಕೆ ಕುಗ್ಗುವುದರಿಂದ ಪೆಡಲು ನೆಲಕ್ಕೆ ತಾಗುವುದು, ಗಾಡಿ ಮಾತ್ರ ನಿಲ್ಲದು.

ಎಂಜಿನ್ನನ್ನೇ ನಿಲ್ಲಿಸಿದವರ ಪಾಡು ಇನ್ನೂ ಕಷ್ಟ. ಬ್ರೇಕಿಗೆ ಬಲ ಕೊಡುವ ನಿರ್ವಾತವು ಎಂಜಿನ್ನಿನಿಂದ ಒದಗತಕ್ಕದ್ದು. ಅದು ನಿಂತ ಮೇಲೆ ಕೆಲವೇ ಸಲ ತುಳಿಯುವಷ್ಟರಲ್ಲಿ ಪೆಡಲು ಕಲ್ಲಿನಂತಾಗುವುದು, ಸ್ಟಿಯರಿಂಗೂ ಭಾರವಾಗುವುದು. ಕೆಲವು ಗಾಡಿಗಳಲ್ಲಿ ಕೀಲಿಕೈಯನ್ನು ಹೊರಕ್ಕೆಳೆದರೆ ಸ್ಟಿಯರಿಂಗು ಬೀಗ ಹಾಕಿದಂತೆ ನಿಂತುಬಿಡುವುದು.

ಆದುದರಿಂದ ಇಳಿಜಾರು ಮೊದಲಾಗುವ ಮುನ್ನವೇ ಎರಡನೆಯ ಗೇರಿಗೋ ಮೂರನೆಯದಕ್ಕೋ ಬರಬೇಕು. ಗೇರು ತಾನಾಗಿ ಬದಲಾಗುವ ಗಾಡಿಗಳಲ್ಲಿಯೂ ಕೆಳಗೇರನ್ನು ಆರಿಸುವ ಏರ್ಪಾಡಿರುವುದು. ಬ್ರೇಕನ್ನು ಸದಾ ತುಳಿದಿರದೆ ಆಗಾಗ ಒತ್ತಿ ಬಿಡಬೇಕು. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಬ್ರೇಕುಗಳು ತಾವಾಗಿ ಆರುವವರೆಗೆ ಕಾಯತಕ್ಕದ್ದು. ಅವಸರಪಟ್ಟು ನೀರು ಸುರಿದರೆ ಕಾದ ತಟ್ಟೆಗಳು ಸೊಟ್ಟಗಾಗಬಹುದು.