ಸೂಟ್‌ಕೇಸಿನಲ್ಲಿ ಮಾತಿಗೆ ಜಾಗವಿಲ್ಲವೆ?

ಅಮೆರಿಕಕ್ಕೆ ಬಾಣಂತನಕ್ಕೆ ಹೋಗಿಬಂದ ತಾಯಂದಿರು ಈಗ ನಮ್ಮ ಅಂಕೋಲೆ, ಕಾರವಾರಗಳಲ್ಲಿ ಅಪರೂಪವಲ್ಲ. ಹೊರಡುವ ಮುಂಚಿನ ಒಂದು ತಿಂಗಳು ಆ ಮನೆಗಳಲ್ಲಿ ನಡೆಯುವ ತಯಾರಿ ನೋಡಬೇಕು. ಬಾಣಂತಿ ಲೇಹ್ಯ, ಸಾರಿನ ಪುಡಿ, ಒಣಗಿಸಿದ ಮುರುಗಲು ಸಿಪ್ಪೆ, ಮಿಡಿ ಉಪ್ಪಿನಕಾಯಿ ಎಲ್ಲವನ್ನೂ ಪ್ಲಾಸ್ಟಿಕ್ಕಿನಲ್ಲಿ ಮೂರು ಸುತ್ತು ಸುತ್ತಿ ತೂಗುವುದೇನು, 23 ಕಿಲೋ ಮೀರಿತೆಂದು ಬಿಚ್ಚುವುದೇನು, ಮತ್ತೆ ತುಂಬುವುದೇನು! ಹೋಗುವವಳ ಬಾಯಿಗೆ ನಾಲ್ಕು ಮಾತು ತುಂಬಿ ಕಳಿಸಬೇಕೆಂದು ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಹೋಗುವವಳಿಗೂ ಹೊಳೆಯುವುದಿಲ್ಲ. ನಾನೂ ಹಾಗೆ ಹೋದವಳೇ. ಅದಕ್ಕೇ ಇದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ಮಗಳಿದ್ದದ್ದು ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ನಿನಲ್ಲಿ. ಒಂದು ಬೆಳಿಗ್ಗೆ ಮಗಳು, ಅಳಿಯ ಕೂಸನ್ನು ಡಾಕ್ಟರಿಗೆ ತೋರಿಸಲು ಹೋಗಿದ್ದರು. ನಾನು ಕಸದ ಚೀಲ ಹಿಡಿದು ಹೊರಗೆ ಕಾಲಿಟ್ಟೆ. ಬಾಗಿಲು ತನ್ನಷ್ಟಕ್ಕೆ ಮುಚ್ಚಿಕೊಂಡಿತು. ಚಾವಿ ಒಳಗೆ, ಫೋನು ಒಳಗೆ, ಮಗಳ ನಂಬರು ಫೋನಿನ ಒಳಗೆ. ದಾರಿಯಲ್ಲಿ ಹೋದವನೊಬ್ಬ ಗಡಗಡ ಇಂಗ್ಲಿಷಿನಲ್ಲಿ ಏನೋ ಕೇಳಿದ. ನಾನು ನಕ್ಕೆ; ಅವನೂ ನಕ್ಕು ಹೋದ. ಕೊನೆಗೆ ನನ್ನ ಮುಖ ಓದಿದವಳು ಮೆಟ್ಟಿಲು ಒರೆಸುವ ಹೆಂಗಸು. ಎಲ್ಲಿಂದಲೋ ಕುರ್ಚಿ ತಂದಿಟ್ಟು 'ಸ್ಯೆಂತೆಸೆ, ಸೆನ್ಯೋರಾ' ಅಂದಳು. ಕೂತುಕೊಳ್ಳಿ ಅಮ್ಮಾ ಎಂದು. ನೀರು ಕೊಟ್ಟಳು. ಅವಳಿಗೂ ಇಂಗ್ಲಿಷು ಬಾರದು, ನನಗೂ ಬಾರದು. ಮೂರು ತಾಸು ಅವಳು ಕೆಲಸದ ನಡುನಡುವೆ ಬಂದು ನನ್ನನ್ನು ನೋಡಿಕೊಂಡು ಹೋದಳು.

ಮನೆಗೆ ಬಂದ ಅಳಿಯ, ಪಾಪ, ಗಾಬರಿಯಿಂದಲೇ ಹೇಳಿದ: "ಅತ್ತೆ, ಇನ್ಮೇಲೆ ನೀವು ಹೊರಗೆ ಹೋಗಲೇ ಬೇಡಿ." ಮೂರು ತಾಸು ಹೊರಗೆ ಕೂತದ್ದಕ್ಕಿಂತ ಆ ಮಾತು ಹೆಚ್ಚು ಚುಚ್ಚಿತು. ಬಾಗಿಲು ತೆಗೆಯುವುದನ್ನು ಕಲಿಸುವ ಬದಲು ಬಾಗಿಲು ಹಾಕುವುದೇ ಪರಿಹಾರವೆ? ನಮ್ಮ ಅಜ್ಜಿಯರಿಗೆ ಹೇಳಿದ್ದೂ ಇದನ್ನೇ ಅಲ್ಲವೆ?

ನಾನು ಕಲಿತೆ, ಆ ಹೆಂಗಸಿನಿಂದಲೇ. ಒಂದು ನೋಟುಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲಿ ಅವಳ ಮಾತು ಬರೆದುಕೊಂಡೆ. ಅದು ಸ್ಪ್ಯಾನಿಷ್. ಅಮೆರಿಕವೆಂದರೆ ಇಂಗ್ಲಿಷೆಂದು ನಾವು ನಂಬಿದ್ದೇವೆ. ಆದರೆ ಆ ದೇಶದಲ್ಲಿ 4 ಕೋಟಿಗೂ ಹೆಚ್ಚು ಜನ ಮನೆಯಲ್ಲಿ ಆಡುವುದು ಸ್ಪ್ಯಾನಿಷನ್ನು. ಟೆಕ್ಸಾಸ್ ಅಂತೂ 1836ರವರೆಗೆ ಮೆಕ್ಸಿಕೋದ ಭಾಗವೇ ಆಗಿತ್ತು. ಹಗಲಿಡೀ ಮನೆಯಲ್ಲಿರುವ ನಮ್ಮಂಥವರಿಗೆ ಅಲ್ಲಿ ಎದುರಾಗುವವರು ಯಾರು? ಕಸ ಒಯ್ಯುವವರು, ಹುಲ್ಲು ಕತ್ತರಿಸುವವರು, ತರಕಾರಿ ಅಂಗಡಿಯವರು. ಅವರಲ್ಲಿ ಬಹಳ ಮಂದಿಯ ಮಾತು ಇದು.

ಕಷ್ಟವೇ? ಇಂಗ್ಲಿಷಿನ ಅರ್ಧದಷ್ಟೂ ಇಲ್ಲ. ಹೆಚ್ಚುಕಡಿಮೆ ಬರೆದಂತೆ ಓದುವ ಭಾಷೆ; ಸ್ವರಗಳು ನಮ್ಮ ಅ, ಎ, ಇ, ಒ, ಉ. ತ ಎಂದರೆ ನಮ್ಮ ತ. ದೊಡ್ಡವರಿಗೆ 'ಉಸ್ತೆದ್', ಸಲಿಗೆಯವರಿಗೆ 'ತೂ' ಎಂಬ ಭೇದ ಇಂಗ್ಲಿಷಿನಲ್ಲಿಲ್ಲ, ನೀವು-ನೀನು ಎನ್ನುವ ನಮಗೆ ಗೊತ್ತು. ನಾವು ನನಗೆ ಕಾಫಿ ಇಷ್ಟ ಅನ್ನುತ್ತೇವೆ. ಅವರೂ 'ಮೆ ಗುಸ್ತಾ ಎಲ್ ಕಫೆ' ಎನ್ನುತ್ತಾರೆ. 'ಮೆ' ಎಂದರೆ ನನಗೆ. ಕೊಂಕಣಿ ಬಲ್ಲವರಿಗೆ ಇನ್ನೂ ಸಲೀಸು. 1961ರವರೆಗೆ ಗೋವೆಯನ್ನಾಳಿದ ಪೋರ್ಚುಗೀಸರ ಮಾತು ಸ್ಪ್ಯಾನಿಷಿನ ಒಡಹುಟ್ಟು. ನಮ್ಮ ಕಡೆಯ ಪಾವ್ ಅಲ್ಲಿ 'ಪಾನ್', ಪಾದ್ರಿ 'ಪಾದ್ರೆ'. ನಾಲ್ಕನೆಯ ತಿಂಗಳಿಗೆ ನಾನೊಬ್ಬಳೇ ಮೆಕ್ಸಿಕೋದವರ ಅಂಗಡಿಗೆ ಹೋಗಿ 'ಕ್ವಾಂತೊ ಕ್ವೆಸ್ತಾ' ಎಂದು ರೇಟು ಕೇಳಿ ಹುಣಸೆ, ಹಸಿಮೆಣಸು, ಕೊತ್ತಂಬರಿ ತಂದೆ. ಮಾತಿನ ಜೊತೆ ರೀತಿಯೂ ಬಂತು. ಅಂಗಡಿ ಹೊಕ್ಕ ಕೂಡಲೇ ಮೊದಲು ನಮಸ್ಕಾರ, ಆಮೇಲೆ ವ್ಯಾಪಾರ. ಊಟ ಮಾಡುವವರ ಪಕ್ಕ ಹಾಯುವಾಗ 'ಪ್ರೊವೇಚೊ' ಎಂದು ಹಾರೈಕೆ. ನಮ್ಮೂರಿನವರಿಗೆ ಇದನ್ನು ಹೊಸದಾಗಿ ಕಲಿಸಬೇಕೆ?

ಇದನ್ನೆಲ್ಲ ಹೇಳಿದರೆ ಬರುವ ಉತ್ತರಗಳು ನನಗೆ ಬಾಯಿಪಾಠ. 'ಈಗ ಫೋನೇ ಅನುವಾದ ಮಾಡುತ್ತದಲ್ಲ!' ಮಾಡುತ್ತದೆ ತಾಯಿ, ಬಾಗಿಲ ಒಳಗೆ ಉಳಿಯದಿದ್ದರೆ. 'ಆರು ತಿಂಗಳಿಗೆ ಯಾಕೆ?' ಆರು ತಿಂಗಳು ಬಾಯಿ ಮುಚ್ಚಿ ಇದ್ದು ನೋಡಿ, ತಿಳಿಯುತ್ತದೆ. 'ಈ ವಯಸ್ಸಿನಲ್ಲಿ ಕಲಿಯಲು ಆಗುತ್ತದೆಯೆ?' ಈ ವಯಸ್ಸಿನಲ್ಲಿ ರಾತ್ರಿಯಿಡೀ ಕೂಸು ಎತ್ತಿಕೊಂಡು ಕೂರಲು ಆಗುತ್ತದೆ, ಐವತ್ತು ವಾಕ್ಯ ಕಲಿಯಲು ಆಗುವುದಿಲ್ಲವೆ? ನಿಜ ಹೇಳುತ್ತೇನೆ, ಮೂಕಿಯಾದ ಅಮ್ಮ ಎಲ್ಲರಿಗೂ ಅನುಕೂಲ. ಅವಳು ಹೊರಗೆ ಹೋಗುವುದಿಲ್ಲ, ಏನೂ ಕೇಳುವುದಿಲ್ಲ, ಅಡುಗೆಮನೆ ಬಿಡುವುದಿಲ್ಲ. ಮಕ್ಕಳು ಬೇಕೆಂದು ಹೀಗೆ ಮಾಡುತ್ತಾರೆಂದಲ್ಲ. ನಾವು ಕೇಳುವುದಿಲ್ಲ, ಅವರು ಯೋಚಿಸುವುದಿಲ್ಲ.

ನಮ್ಮವರಿಗೆ ತಲೆಯಿಲ್ಲವೆಂದು ಹೇಳುವವರು ಕಾರವಾರದ ಮೀನುಪೇಟೆಗೆ ಬರಲಿ. ಕನ್ನಡದಲ್ಲಿ ಬಂಗಡೆಯ ರೇಟು ಹೇಳಿ, ಕೊಂಕಣಿಯಲ್ಲಿ ಪಕ್ಕದವಳೊಡನೆ ಜಗಳಾಡಿ, ನೌಕಾನೆಲೆಯ ಸಂಸಾರಗಳಿಗೆ ಹಿಂದಿಯಲ್ಲಿ ಇಸ್ವಾಣ ಮಾರುತ್ತಾಳೆ ಅವಳು. ಕದಂಬ ನೌಕಾನೆಲೆ ಶುರುವಾದದ್ದು 2005ರಲ್ಲಿ. ಆಮೇಲೆ ಅವಳಿಗೆ ಹಿಂದಿ ಕಲಿಸಿದ ಕ್ಲಾಸು ಯಾವುದು? ಮಾರಬೇಕಿತ್ತು, ಕಲಿತಳು. ತಪ್ಪಾಡಿದರೆ ನಗುತ್ತಾರೆಂಬ ನಾಚಿಕೆ ಅವಳಿಗಿಲ್ಲ. ಆ ನಾಚಿಕೆ ನಾಲ್ಕಕ್ಷರ ಓದಿದ ನಮಗೆ ಅಂಟಿದ ರೋಗ.

ಕಾರವಾರದ ಕಡಲತೀರಕ್ಕೆ ನಾವು ರವೀಂದ್ರನಾಥ ಟಾಗೋರರ ಹೆಸರಿಟ್ಟಿದ್ದೇವೆ. ಇಲ್ಲಿ ಜಡ್ಜರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಅವರು ಬಂದಿದ್ದರು. ಆ ಜಡ್ಜರ ಹೆಂಡತಿ ಜ್ಞಾನದಾನಂದಿನಿ ದೇವಿಯನ್ನು ಯಾರೂ ನೆನೆಯುವುದಿಲ್ಲ. 1877ರಲ್ಲಿ ಬಸುರಿಯಾಗಿದ್ದ ಆಕೆ ಮೂವರು ಮಕ್ಕಳನ್ನು ಕಟ್ಟಿಕೊಂಡು, ಗಂಡ ಜೊತೆಗಿಲ್ಲದೆ, ಇಂಗ್ಲೆಂಡಿಗೆ ಹಡಗು ಹತ್ತಿದ್ದಳು. ಅಷ್ಟು ಹಿಂದೆ ಆಕೆಗೆ ಇದ್ದ ಎದೆಗಾರಿಕೆ ಇಂದು ವಿಮಾನ ಹತ್ತುವ ನಮಗೆ ಬೇಡವೆ?

ಆದ್ದರಿಂದ, ಹೊರಡುವವರಿದ್ದರೆ ಕೇಳಿ. ಒಂದು ನೋಟುಬುಕ್ಕು ತನ್ನಿ. ಮಗಳ ಮನೆಯ ವಿಳಾಸ, ಫೋನ್ ನಂಬರು, ಅಲ್ಲಿನ ತುರ್ತು ನಂಬರು 911, ಇವನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿ. ಅಲ್ಲಿ ಅಕ್ಕಪಕ್ಕದವರು ಯಾವ ಮಾತು ಆಡುತ್ತಾರೆಂದು ಮಗಳನ್ನು ಕೇಳಿ. ಆ ಮಾತಿನಲ್ಲಿ, ಮತ್ತೆ ಇಂಗ್ಲಿಷಿನಲ್ಲೂ, 'ನನಗೆ ತಿಳಿಯಲಿಲ್ಲ', 'ನಿಧಾನ ಹೇಳಿ', 'ಸಹಾಯ ಮಾಡಿ', 'ಎದೆ ನೋಯುತ್ತಿದೆ', 'ಎಷ್ಟು?' ಇವನ್ನು ಮೊದಲು ಬರೆಸಿಕೊಳ್ಳಿ. ದಿನಕ್ಕೆ ಕಾಲು ತಾಸು ಗಟ್ಟಿಯಾಗಿ ಹೇಳಿ. ಮನೆಯವರು ನಕ್ಕರೆ ನಗಲಿ.

ಮಗಳು ಸಾಮಾನಿನ ಪಟ್ಟಿ ಕಳಿಸಿದರೆ ಹೀಗೆ ಬರೆಯಿರಿ: "ಲೇಹ್ಯ ತರುತ್ತೇನೆ ಮಗಾ. ನೀನು ನನಗೆ ಐವತ್ತು ವಾಕ್ಯ ಕಳಿಸು. ಆಮೇಲೆ ಟಿಕೆಟ್ ಮಾಡಿಸು."