ಫಲಿತಾಂಶವೊಂದೇ ಅಳತೆಗೋಲೇ?

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದಾಗಲೆಲ್ಲ ಬಯಲುಸೀಮೆಯ ನಮ್ಮ ಗೃಹಸ್ಥರು ಕೇಳುವುದುಂಟು: “ಶಾಸ್ತ್ರಿಗಳೇ, ಪುತ್ತೂರು, ಸುಳ್ಯದ ಮಕ್ಕಳಿಗೆ ಸಾಧ್ಯವಾದುದು ನಮ್ಮ ಮಕ್ಕಳಿಗೇಕೆ ಆಗದು?” ಪ್ರಶ್ನೆ ನ್ಯಾಯವಾದುದೇ. 2024ರಲ್ಲಿ ಆ ತಾಲ್ಲೂಕುಗಳಿರುವ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಶೇಕಡಾ 92.12 ಮಂದಿ ಉತ್ತೀರ್ಣರಾದರೆ, ಯಾದಗಿರಿಯಲ್ಲಿ 50.59 ಮಂದಿ ಮಾತ್ರ.

ಆದರೆ ಮೊದಲು ಅಳತೆಗೋಲನ್ನೇ ಪರೀಕ್ಷಿಸೋಣ. ಅದೇ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಾವಲು ಬಂದಿತು. ಹಿಂದಿನ ವರ್ಷ 83.89 ಇದ್ದ ರಾಜ್ಯದ ಪ್ರಮಾಣ, ಕೃಪಾಂಕ ಹೆಚ್ಚಿಸಿ ಕೊಟ್ಟ ಮೇಲೂ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಕುಗ್ಗಿತೆನ್ನಲಾದೀತೆ?

ಇನ್ನೊಂದು ಸಂಗತಿ. ಸುಳ್ಯದ ತೋಟದ ಮನೆಯ ಮಗು ಒಂದನೆಯ ತರಗತಿಗೆ ಬರುವಾಗ ಅರೆಭಾಷೆಯನ್ನೋ ತುಳುವನ್ನೋ ಆಡುತ್ತ ಬರುತ್ತದೆ. ಈಗ ಪ್ರತ್ಯೇಕ ತಾಲ್ಲೂಕಾಗಿರುವ ಕಡಬದ ಕೆಲವು ಮನೆಗಳ ಮಾತು ಮಲಯಾಳ. ಶಾಲೆಯ ಕನ್ನಡ ಈ ಮಕ್ಕಳಿಗೆ ಎರಡನೆಯ ನುಡಿ. ಆದರೂ ಅಡಿಕೆಯ ತೋಟ ಸಂಸಾರವನ್ನು ಒಂದೆಡೆ ನಿಲ್ಲಿಸುತ್ತದೆ. ಮಗುವಿನ ಹಾಜರಿ ತಪ್ಪುವುದಿಲ್ಲ. ಯಾದಗಿರಿಯ ಬಹುಪಾಲು ಮಕ್ಕಳಿಗೆ ಕನ್ನಡ ಮನೆಮಾತೇ ಸರಿ. ಆದರೆ ಹೆತ್ತವರು ಗುಳೆ ಹೊರಟರೆ ಪಾಟೀಚೀಲವೂ ಹೊರಡುತ್ತದೆ. ಯಾವ ಮಗು ಎಲ್ಲಿಂದ ಹೊರಟು ಎಷ್ಟು ದೂರ ನಡೆಯಿತೆಂಬುದನ್ನು ಶೇಕಡಾವಾರು ಹೇಳಲಾರದು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣದಲ್ಲಿ ನಡೆಸಿದ ಪ್ರಯೋಗಗಳನ್ನಂತೂ ಯಾವ ಅಂಕಪಟ್ಟಿಯೂ ಅಳೆಯಲಾರದು.

ನಮ್ಮ ಕಡೆಯದನ್ನೂ ಹೇಳಬೇಕು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮರನ್ನು ಅಲ್ಲಮಪ್ರಭುಗಳು ಕೆಣಕಿ ಪ್ರಶ್ನಿಸಿದ ಪ್ರಸಂಗವನ್ನು ಶೂನ್ಯಸಂಪಾದನೆ ವಿವರಿಸುತ್ತದೆ. ಆ ಪ್ರಶ್ನೆ ಅವಮಾನಿಸಲು ಬಂದುದಲ್ಲ. ಸಿದ್ಧರಾಮರನ್ನು ಕಲ್ಯಾಣಕ್ಕೆ ಕರೆದೊಯ್ದಿತು. ನಾವಾದರೋ ವಾರ್ಷಿಕ ವರದಿಗಳಲ್ಲಿ ಕಟ್ಟಡಗಳೆಷ್ಟು, ಪ್ರಸಾದ ಸ್ವೀಕರಿಸಿದ ಮಕ್ಕಳೆಷ್ಟು ಎಂದು ಎಣಿಸುತ್ತೇವೆ. ಆ ಮಕ್ಕಳಲ್ಲಿ ಒಂದು ಪುಟವನ್ನು ತಡವರಿಸದೆ ಓದಿ ಅರ್ಥ ಹೇಳಬಲ್ಲವರೆಷ್ಟು? ಹಲವು ವರ್ಷ ಇಂತಹ ವರದಿಗಳನ್ನು ತಿದ್ದಿಕೊಟ್ಟ ನಾವೂ ಈ ಪ್ರಶ್ನೆಯನ್ನು ಬರೆಯಿಸಲಿಲ್ಲ.

ಉಚಿತ ಪ್ರಸಾದನಿಲಯ ನಡೆಸುವ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ: ಜೂನ್‌ನಲ್ಲಿ ಪ್ರತಿಯೊಂದು ಮಗುವನ್ನೂ ಹತ್ತಿರ ಕೂಡಿಸಿಕೊಂಡು ಒಂದು ಪುಟ ಓದಿಸಿರಿ, ಒಂದು ಭಾಗಾಕಾರ ಮಾಡಿಸಿರಿ, ಬರೆದಿಡಿರಿ. ದೀಪಾವಳಿಯ ರಜೆ ಮುಗಿದ ಮೇಲೆ ಮತ್ತೊಮ್ಮೆ. ಹಿಂದುಳಿದವರಿಗೆ ಸಂಜೆ ಅರ್ಧ ಗಂಟೆ ಬೇರೆ ಪಾಠವಿರಲಿ; ಎರಡು ತಿಂಗಳಲ್ಲಿ ಫಲ ಕಾಣದಿದ್ದರೆ ಮಗುವನ್ನು ಬೈಯದೆ ಪಾಠದ ಕ್ರಮವನ್ನು ಬದಲಿಸಿರಿ. ಆ ಪಟ್ಟಿ ಸಭೆಯಲ್ಲಿ ಓದತಕ್ಕದ್ದಲ್ಲ, ಅಧ್ಯಾಪಕರ ಮೇಜಿನ ಮೇಲಿರತಕ್ಕದ್ದು.